ಮಂಗಳೂರಲ್ಲಿ ಗೆಳೆಯರ ಜೊತೆ ತಿಂಡಿ ಸುತ್ತಾಟ

ಮನೆಯಲ್ಲಿ ಹೊಟ್ಟೆ ತುಂಬಿಸಿಕೊಂಡು ಹೊರಡಬೇಡಿ. ನಾಲ್ಕು ಜನ ಸಾಕು, ಜಾಸ್ತಿಯಾದರೆ ಒಂದೇ ಟೇಬಲ್ ಸಿಗೋದು ಕಷ್ಟ.

ಬೆಳಿಗ್ಗೆ ಯಾವುದಾದರೂ ಹಳೇ ಹೋಟೆಲಿಗೆ ನುಗ್ಗಿ ಬನ್ಸ್ ಹೇಳಿ. ಬೇಕರಿ ಬನ್ ಅಲ್ಲ, ಬಾಳೆಹಣ್ಣು ಹಾಕಿ ಕಲಸಿ ಎಣ್ಣೆಯಲ್ಲಿ ಕರಿದದ್ದು. ಒಂದು ಪ್ಲೇಟ್ ತಗೊಂಡು ಹಂಚಿಕೊಳ್ಳಿ, ಆಗ ನೀರುದೋಸೆಗೂ ಜಾಗ ಉಳಿಯುತ್ತದೆ.

ಮಧ್ಯಾಹ್ನಕ್ಕೆ, ಕೋಳಿ ತಿನ್ನೋರಿದ್ದರೆ, ಕೋರಿ ರೊಟ್ಟಿ. ರೊಟ್ಟಿ ಗರಿಗರಿಯಾಗಿರುತ್ತದೆ, ಕೋಳಿ ಸಾರನ್ನು ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪ ಹಾಕಿಕೊಂಡು, ಪೂರ್ತಿ ಮೆತ್ತಗಾಗುವ ಮೊದಲೇ ಕೈಯಲ್ಲಿ ಕಲಸಿ ತಿನ್ನಿ (ಚಮಚ ಕೇಳಿದರೆ ಜೊತೆಗಿದ್ದವರೇ ನಗುತ್ತಾರೆ). ಬಿಸಿಲು ಇಳಿದ ಮೇಲೆ ಗೋಳಿಬಜೆ (ಮೈದಾ ಹಿಟ್ಟಿನ ಉಂಡೆ ಬಜ್ಜಿ), ಚಾ.

ಐಸ್‌ಕ್ರೀಮಿಗೆ 1975ರಲ್ಲಿ ಶುರುವಾದ ಐಡಿಯಲ್ ಹಂಪನಕಟ್ಟೆಯಲ್ಲಿದೆ, ಅವರದ್ದೇ ಪಬ್ಬಾಸ್ ಲಾಲ್‌ಬಾಗ್‌ನಲ್ಲಿ. ಗಡ್‌ಬಡ್ ಉದ್ದ ಗ್ಲಾಸಿನಲ್ಲಿ ಬರುತ್ತದೆ, ಐಸ್‌ಕ್ರೀಮ್, ಜೆಲ್ಲಿ, ಹಣ್ಣು, ಗೋಡಂಬಿ ಎಲ್ಲ ಪದರಪದರವಾಗಿ. ಉದ್ದ ಚಮಚ ತಳದವರೆಗೆ ಇಳಿಸಿ, ಎಲ್ಲ ಪದರವೂ ಒಂದೇ ತುತ್ತಿಗೆ ಬರಬೇಕು. ಇದನ್ನು ಮಾತ್ರ ಹಂಚಿಕೊಳ್ಳೋಕೆ ಹೋಗಬೇಡಿ, ಸುಮ್ನೆ ಜಗಳ. ಭಾನುವಾರ ಸಂಜೆ ರಶ್ ಇರುತ್ತದೆ, ಆದಷ್ಟು ವಾರದ ಮಧ್ಯೆ ಹೋಗಿ. ಬಿಲ್ ಒಬ್ಬರೇ ಕೊಟ್ಟು ರಾತ್ರಿ ಲೆಕ್ಕ ಮಾಡಿಕೊಳ್ಳಿ.