ಕೆರೆದಡದ ಕಸದಿಂದ ಕೊಕ್ಕರೆಯ ಶಿಲ್ಪ

2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹೊತ್ತಿಕೊಂಡಿತ್ತು. ಅಂಥ ಕೆರೆಗಳ ಅವಸ್ಥೆಯನ್ನು ಶಿಲ್ಪದಲ್ಲಿ ಹೇಳಬಯಸುವವರು ಮೊದಲು ವಿಷಯವನ್ನು ಕಿರಿದುಗೊಳಿಸಿಕೊಳ್ಳಬೇಕು. ‘ಮಾಲಿನ್ಯ’ ಎಂಬುದು ತೀರ ದೊಡ್ಡ ಮಾತು. ‘ಈ ದಡದಲ್ಲಿ ಕೊಕ್ಕರೆಗೆ ಮೀನಿನ ಬದಲು ಏನು ಸಿಗುತ್ತದೆ’ ಎಂಬ ಪ್ರಶ್ನೆ ಕೈಗೆಟಕುವಂಥದ್ದು.

ಸಿಕ್ಕಿದ್ದನ್ನೆಲ್ಲ ಹೊತ್ತು ತರಬಾರದು. ದಪ್ಪ ಕೈಗವಸು ತೊಟ್ಟು, ಸಿರಿಂಜು ಮತ್ತು ಬ್ಯಾಟರಿಗಳನ್ನು ಮುಟ್ಟದೆ, ಹಾಲಿನ ಪೊಟ್ಟಣ, ಚಪ್ಪಲಿ, ಹರಿದ ಬಲೆಗಳನ್ನು ಆರಿಸಿ ತಂದು, ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು.

ನಿಜವಾದ ಕಷ್ಟ ಇರುವುದು ಒಳಗಿನ ಹಂದರದಲ್ಲಿ. ಕೊಕ್ಕರೆಯ ಭಾರವೆಲ್ಲ ಎರಡು ಸಣಕಲು ಕಾಲುಗಳ ಮೇಲೆ ಬೀಳುವುದರಿಂದ, 8 ಮಿ.ಮೀ. ಕಬ್ಬಿಣದ ಸರಳುಗಳನ್ನು ಹಳೆಯ ಬಕೆಟ್ಟಿನೊಳಗಿನ ಕಾಂಕ್ರೀಟಿನಲ್ಲಿ ಹೂತು, ಅದು ಗಟ್ಟಿಯಾಗಲು ಕೆಲವು ದಿನ ಬಿಟ್ಟು, ಆಮೇಲಷ್ಟೇ ಒಡಲಿನ ತಂತಿಬಲೆಯನ್ನು ಬೈಂಡಿಂಗ್ ವೈರಿನಿಂದ ಬಿಗಿಯಬೇಕು. ಗರಿಗಳಿಗಾಗಿ ಪೊಟ್ಟಣಗಳನ್ನು ಪಟ್ಟಿಗಳಾಗಿ ಕತ್ತರಿಸಿ, ಬಾಲದಿಂದ ಕತ್ತಿನ ಕಡೆಗೆ, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಬರುವ ಹಾಗೆ ಕಟ್ಟಬೇಕು. ಪ್ಲಾಸ್ಟಿಕ್ಕನ್ನು ಕರಗಿಸಿ ಅಂಟಿಸುವುದು ಸುಲಭವೆನಿಸಿದರೂ, ವಿಶೇಷವಾಗಿ ಪಿವಿಸಿಯ ಹೊಗೆ ವಿಷಕಾರಿಯಾದ್ದರಿಂದ, ಹೊಲಿಯುವುದೇ ಲೇಸು.

ಬಣ್ಣ ಬಳಿಯುವ ಆಸೆಯನ್ನು ತಡೆದುಕೊಳ್ಳಬೇಕು. ಬಳಿದರೆ ಕಸ ಕಸವಾಗಿ ಕಾಣುವುದಿಲ್ಲ. ಚಂಡೀಗಢದಲ್ಲಿ ಕಲಾವಿದ ನೇಕ್ ಚಂದ್ ಎಸೆದ ವಸ್ತುಗಳಿಂದಲೇ ಕಟ್ಟಿದ ರಾಕ್ ಗಾರ್ಡನ್ ಎಂಬ ಶಿಲ್ಪೋದ್ಯಾನದ ಗೊಂಬೆಗಳಲ್ಲಿ ಒಡೆದ ಬಳೆಚೂರುಗಳು ಇಂದಿಗೂ ಬಳೆಚೂರುಗಳಾಗಿಯೇ ಗುರುತು ಸಿಗುತ್ತವೆ.

ಶಿಲ್ಪವನ್ನು ವಸ್ತುಗಳು ಸಿಕ್ಕಿದ ದಡದ ಸಮೀಪದಲ್ಲೇ, ಅನುಮತಿ ಪಡೆದು ನಿಲ್ಲಿಸುವುದು ಸೂಕ್ತ. ಪ್ರದರ್ಶನ ಮುಗಿದ ಮೇಲೆ ತಂತಿ ಬಿಚ್ಚಿ, ಪ್ಲಾಸ್ಟಿಕ್ಕನ್ನು ಒಣತ್ಯಾಜ್ಯ ಸಂಗ್ರಹ ಕೇಂದ್ರಕ್ಕೂ ಸರಳನ್ನು ಗುಜರಿಗೂ ಒಪ್ಪಿಸಬೇಕು.