ಎರೆ ಮಣ್ಣಿನ ಮೇಲಿನ ಡಾಂಬರಿಗೆ ಸೀಲ್ ಕೋಟ್: ನನ್ನ ಅನುಭವ

ಗೋಡೆಗೆ ಬಣ್ಣ ಹೊಡೆಸುತ್ತೇವೆ, ಗೇಟಿಗೆ ಪೇಂಟ್ ಮಾಡಿಸುತ್ತೇವೆ. ಗೇಟಿನಿಂದ ಒಳಗೆ ಬರುವ ಡಾಂಬರು ದಾರಿ ಮಾತ್ರ ಗುಂಡಿ ಬೀಳುವ ತನಕ ನೆನಪಾಗುವುದಿಲ್ಲ. ಗುಂಡಿ ಬಿದ್ದ ಮೇಲೆ ಬರೀ ಮೇಲ್ಮೈ ಕೆಲಸ ಸಾಲದು, ಅಡಿಪಾಯವನ್ನೇ ಅಗೆಯಬೇಕಾಗುತ್ತದೆ. ಅದಕ್ಕೂ ಮೊದಲೇ ಕೈಹಾಕಿದರೆ ಕೆಲಸ ಸಣ್ಣದು, ಖರ್ಚೂ ಕಡಿಮೆ.

ನಮ್ಮದು ಸಿಂಧನೂರಿನ ಹೊರಗೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಜಾಗ. ಮುಖ್ಯ ರಸ್ತೆಯಿಂದ ಮನೆ ದಾಟಿ ಭತ್ತದ ಗೋದಾಮಿನವರೆಗೆ ಡಾಂಬರು ದಾರಿ ಇದೆ. ಸುಮಾರು 40 ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲ. ಕೆಳಗಿರುವುದು ಅಪ್ಪಟ ಎರೆ ಮಣ್ಣು. ಅದರ ಮೇಲೆ ಗರಸು, ಜಲ್ಲಿ, ಆಮೇಲೆ ಡಾಂಬರು. ಇದಕ್ಕೆ ನಾವೇ ನಿಂತು ಸೀಲ್ ಕೋಟ್ ಮಾಡಿಕೊಂಡೆವು. ಅಂದರೆ ಬಿರುಕು ಮುಚ್ಚಿ, ನೀರು ಇಳಿಯದ ಹಾಗೆ ಹಳೆಯ ಡಾಂಬರಿನ ಮೇಲೆ ತೆಳ್ಳನೆಯ ಹೊಸ ಪದರ ಬಳಿಯುವುದು. ಹಿಂದೆ ರಸ್ತೆ ಗ್ಯಾಂಗಿನಲ್ಲಿ ದುಡಿದಿದ್ದ ನಮ್ಮೂರಿನ ಕಾಕಾ ಒಬ್ಬರು ಜೊತೆಗಿದ್ದರು. ಆಳುಗಳು ಇಬ್ಬರು.

ನನ್ನ ಮಗಳು, ಅಳಿಯ ಕೆನಡಾದಲ್ಲಿದ್ದಾರೆ. ಅಲ್ಲಿ ಮನೆ ಮುಂದೆ ಕಾರು ನಿಲ್ಲಿಸುವ ಡಾಂಬರು ಜಾಗಕ್ಕೆ ಚಳಿಗಾಲ ಬರುವ ಮೊದಲೇ ಸೀಲರ್ ಬಳಿಯುತ್ತಾರೆ. "ಮಾವಾ, ಬಿರುಕಿನಾಗ ನೀರು ಇಳಿದು ಹೆಪ್ಪುಗಟ್ಟಿತಂದ್ರ ಮುಗೀತು, ಡಾಂಬರು ಎದ್ದ ಬಿಡ್ತೈತಿ" ಎಂದು ಅಳಿಯ ಹೇಳುತ್ತಿದ್ದ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಹಗಲು ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಒಂದು ಚಳಿಗಾಲದಲ್ಲಿ ಹೀಗೆ ಎಷ್ಟೋ ಸಲ ಆಗಿ ಸಣ್ಣ ಬಿರುಕು ದೊಡ್ಡದಾಗುತ್ತದೆ.

ರಾಯಚೂರು ಸೀಮೆಯಲ್ಲಿ ನೀರು ಹೆಪ್ಪುಗಟ್ಟುವ ಮಾತೇ ಇಲ್ಲ. ಆದರೂ ಅಳಿಯನ ಮಾತು ನನಗೆ ಸರಿಯೆನ್ನಿಸಿತು. ಅಲ್ಲಿ ಮಂಜುಗಡ್ಡೆ ಮಾಡುವ ಕೆಲಸವನ್ನು ಇಲ್ಲಿ ಎರೆ ಮಣ್ಣು ಮಾಡುತ್ತದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿಬಿಡುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಮಣ್ಣೇ ಡಾಂಬರಿನ ಅಡಿಯಲ್ಲೂ ಇರುವುದು. ಮೊದಲು ಒಣಗುವುದು ದಾರಿಯ ಅಂಚು. ಅದಕ್ಕೇ ನಮ್ಮ ಕಡೆ ಅಂಚಿನಿಂದ ಒಂದೆರಡು ಅಡಿ ಒಳಗೆ, ಅಂಚಿನ ಉದ್ದಕ್ಕೂ ಗೆರೆ ಎಳೆದ ಹಾಗೆ ಸೀಳು ಬರುತ್ತದೆ. ಮಳೆಗಾಲದಲ್ಲಿ ಆ ಸೀಳಿನಿಂದ ನೀರು ನೇರ ಅಡಿಗೆ ಇಳಿಯುತ್ತದೆ. ಮಣ್ಣು ಮೆತ್ತಗಾಗುತ್ತದೆ. ಮೇಲೆ ಲಾರಿ ಬಂದರೆ ಅಂಚು ಕುಸಿಯುತ್ತದೆ.

ಇನ್ನೊಂದು ಶತ್ರು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಕಪ್ಪು ಮೇಲ್ಮೈ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಬಿಸಿಲು, ಗಾಳಿ ಸೇರಿ ಡಾಂಬರಿನ ಎಣ್ಣೆ ಅಂಶವನ್ನು ಕಡಿಮೆ ಮಾಡುತ್ತವೆ. ಕಪ್ಪು ಹೋಗಿ ಬೂದು ಬಣ್ಣ ಬರುತ್ತದೆ, ಡಾಂಬರು ಬಿರುಸಾಗುತ್ತದೆ, ಜಲ್ಲಿ ಒಂದೊಂದಾಗಿ ಬಿಡುತ್ತದೆ. ಕಸಬರಿಗೆ ಹಾಕಿದಾಗ ಸಣ್ಣ ಜಲ್ಲಿ ಉರುಳಿ ಬಂದರೆ ಸೀಲ್ ಕೋಟ್ ಮಾಡುವ ಹೊತ್ತು ಬಂತು ಅಂತಲೇ ಅರ್ಥ. ಚೊಂಬಿನಲ್ಲಿ ನೀರು ಹಾಕಿಯೂ ನೋಡಬಹುದು. ಹೊಸ ಡಾಂಬರಿನ ಮೇಲೆ ನೀರು ಜಾರಿ ಹೋಗುತ್ತದೆ. ಹಳೆಯದು ನೀರನ್ನು ಹೀರುತ್ತದೆ. ನೀರು ಜಾರುತ್ತಿದ್ದರೆ ಸುಮ್ನೆ ಬಿಡಿ. ಅಗತ್ಯ ಇಲ್ಲದೆ ಮೇಲಿಂದ ಮೇಲೆ ಬಳಿದರೆ ಪದರ ದಪ್ಪವಾಗಿ ಸುಲಿದು ಬರುತ್ತದೆ. ಮೂರ್ನಾಲ್ಕು ವರ್ಷಕ್ಕೊಮ್ಮೆ ಮಾಡಿದರೆ ಸಾಕು.

ಸೀಲ್ ಕೋಟ್ ಎಂದರೆ ಕಪ್ಪು ಬಣ್ಣ ಬಳಿಯುವುದು ಎಂದು ಎಷ್ಟೋ ಜನ ತಿಳಿದಿದ್ದಾರೆ. ಕೆಲವರು ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ತಂದು ಸವರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಯಿಲ್, ಡೀಸೆಲ್, ಸೀಮೆಎಣ್ಣೆ ಎಲ್ಲವೂ ಡಾಂಬರನ್ನು ಕರಗಿಸುತ್ತವೆ. ನಾಲ್ಕು ದಿನ ಕಪ್ಪಗೆ ಕಾಣುತ್ತದೆ, ಆಮೇಲೆ ಅಲ್ಲೇ ಜಲ್ಲಿ ಕಿತ್ತು ಬರುತ್ತದೆ. ದಾರಿ ಉಳಿಯಬೇಕಾದರೆ ಬಿರುಕು ಮುಚ್ಚಬೇಕು, ನೀರು ಹೊರಗೆ ಹೋಗಬೇಕು. ಮೇಲಿನ ಕಪ್ಪು ಕೊನೆಯ ಕೆಲಸ.

ಕಾಲ ನೋಡಿಕೊಂಡು ಶುರುಮಾಡಿದೆವು. ಶಿವರಾತ್ರಿ ಮುಗಿದು ಯುಗಾದಿಗೆ ಇನ್ನೂ ಹೊತ್ತಿರುವಾಗ. ಆಗ ಎರಡನೇ ಬೆಳೆ ಭತ್ತ ಇನ್ನೂ ಗದ್ದೆಯಲ್ಲಿರುತ್ತದೆ, ಲಾರಿ ಓಡಾಟ ಕಡಿಮೆ. ಮಳೆಯ ಭಯವೂ ಅಷ್ಟಿಲ್ಲ. ಬಿರುಕು ಪೂರ್ತಿ ತೆರೆದೂ ಇರುವುದಿಲ್ಲ, ಪೂರ್ತಿ ಮುಚ್ಚಿಯೂ ಇರುವುದಿಲ್ಲ. ಮೇ ತಿಂಗಳಲ್ಲಿ ತುಂಬಿದರೆ ಮಳೆಗಾಲದಲ್ಲಿ ಮಣ್ಣು ಉಬ್ಬಿ, ತುಂಬಿದ್ದು ಮೇಲೆ ಎದ್ದು ಬರುತ್ತದೆ. ಮಳೆಗಾಲ ಮುಗಿದ ಕೂಡಲೇ ಮಾಡಲು ಹೋದರೆ ಬಿರುಕೇ ಕಾಣುವುದಿಲ್ಲ.

ಸಾಮಾನಿನ ವಿಷಯಕ್ಕೆ ಬರುತ್ತೇನೆ. ಡಾಂಬರನ್ನು ಕಾಯಿಸಿ ಬಳಿಯುವುದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ರಸ್ತೆಗೆ ಬಳಸುವ ವಿಜಿ-30 ದರ್ಜೆಯ ಡಾಂಬರನ್ನು 150 ಡಿಗ್ರಿಗೂ ಮೇಲೆ ಕಾಯಿಸಬೇಕು. ಮೈಮೇಲೆ ಬಿದ್ದರೆ ಚರ್ಮಕ್ಕೇ ಅಂಟಿಕೊಳ್ಳುತ್ತದೆ. ನಾನು ತರಿಸಿದ್ದು ಬಿಟುಮೆನ್ ಎಮಲ್ಷನ್. ಡಾಂಬರನ್ನು ನೀರಿನಲ್ಲಿ ಬಹಳ ಸಣ್ಣ ಹನಿಗಳಾಗಿ ಬೆರೆಸಿರುತ್ತಾರೆ, ತಣ್ಣಗೇ ಬಳಸಬಹುದು. 200 ಕೆಜಿ ಡ್ರಮ್ಮಿನಲ್ಲಿ ಸಿಗುತ್ತದೆ. ಡ್ರಮ್ ಮೇಲೆ ಆರ್‌ಎಸ್, ಎಂಎಸ್, ಎಸ್‌ಎಸ್ ಎಂದು ಬರೆದಿರುತ್ತದೆ. ಆರ್‌ಎಸ್ ಬೇಗ ಗಟ್ಟಿಯಾಗುವುದು, ಎಸ್‌ಎಸ್ ನಿಧಾನ, ಎಂಎಸ್ ನಡುವಿನದು. ಇಂಥ ಎಮಲ್ಷನ್‌ಗೆ ಇರುವ ಭಾರತೀಯ ಮಾನಕ ಐಎಸ್ 8887, ಆ ಗುರುತು ಇದೆಯೇ ನೋಡಿ. ನಾನು ಬಿರುಕು ತುಂಬಲು ಮತ್ತು ಮೊದಲ ಕೋಟಿಗೆ ಎಸ್‌ಎಸ್-1 ತಂದೆ, ಮೇಲಿನ ಕೋಟಿಗೆ ಆರ್‌ಎಸ್-1. ಕೆಲವು ದೇಶಗಳಲ್ಲಿ ಕಲ್ಲಿದ್ದಲಿನ ಟಾರಿನಿಂದ ಮಾಡಿದ ಸೀಲರ್ ಕೂಡ ಬಳಸುತ್ತಾರೆ. ಅದರಲ್ಲಿ ಕ್ಯಾನ್ಸರ್ ತರುವ ಅಂಶಗಳು ಜಾಸ್ತಿ. ಅಮೆರಿಕದ ಆಸ್ಟಿನ್ ನಗರ 2006ರಲ್ಲೇ ಅದನ್ನು ನಿಷೇಧಿಸಿತು. ಅಂಗಳದಲ್ಲಿ ಮಕ್ಕಳು ಆಡುತ್ತಾರೆ, ಕಾಳು ಒಣಹಾಕುತ್ತೇವೆ. ಅಂಥದ್ದರ ಗೊಡವೆಯೇ ಬೇಡ.

ಹೆಚ್ಚು ಹೊತ್ತು ಹಿಡಿದದ್ದು ಅಂಚು ಬಿಡಿಸುವುದಕ್ಕೆ. ಗರಿಕೆ ಹುಲ್ಲು, ಬಳ್ಳಾರಿ ಜಾಲಿ ಡಾಂಬರಿನ ಅಡಿಗೇ ಬೇರು ಬಿಟ್ಟಿದ್ದವು. ಜಾಲಿಯನ್ನು ಮೇಲೆ ಕಡಿದರೆ ಪ್ರಯೋಜನವಿಲ್ಲ, ಮತ್ತೆ ಚಿಗುರುತ್ತದೆ. ಬುಡ ಅಗೆದು ಬೇರು ತೆಗೆದೆವು. ಆಮೇಲೆ ಗುದ್ದಲಿಯಿಂದ ಅಂಚಿನ ಮಣ್ಣು ಕೆರೆದು, ತಂತಿ ಬ್ರಷ್ಷಿನಿಂದ ಬಿರುಕು ಉಜ್ಜಿ, ಟ್ಯಾಂಕರಿನ ಪೈಪು ಹಿಡಿದು ತೊಳೆದು, ಒಣಗಲು ಬಿಟ್ಟೆವು. ಟ್ರ್ಯಾಕ್ಟರ್ ನಿಲ್ಲುವ ಕಡೆ ಡೀಸೆಲ್ ಕಲೆಗಳಿದ್ದವು. ಮೆತ್ತಗಾದಷ್ಟನ್ನು ಕೆರೆದು ತೆಗೆದೆವು. ಎಣ್ಣೆ ಕಲೆಯ ಮೇಲೆ ಎಮಲ್ಷನ್ ಹಿಡಿಯುವುದಿಲ್ಲ.

ಬಿರುಕುಗಳಲ್ಲಿ ತರ ಇವೆ. ಕಡ್ಡಿಯಷ್ಟು ಸಣ್ಣದಾದರೆ ಎಮಲ್ಷನ್ ಸುರಿದು ಮೇಲೆ ಸಣ್ಣ ಮರಳು ಉದುರಿಸಿದರೆ ಸಾಕು. ಕಿರುಬೆರಳು ಹೋಗುವಷ್ಟು ಅಗಲ ಇದ್ದರೆ ಬರೀ ಎಮಲ್ಷನ್ ಕೆಳಗೆ ಇಳಿದು ಹೋಗುತ್ತದೆ. ಅಂಥ ಕಡೆ ಮೊದಲು ಒಣ ಮರಳನ್ನು ಕಬ್ಬಿಣದ ಪಟ್ಟಿಯಿಂದ ಗಿಡಿದು ತುಂಬಿ, ಮೇಲೆ ಎರಡು ಮೂರು ಸೆಂಟಿಮೀಟರ್ ಬಿಟ್ಟೆವು. ಆ ಜಾಗಕ್ಕೆ ಕ್ರಷರಿನ ಕಲ್ಲುಪುಡಿ, ಎಸ್‌ಎಸ್ ಎಮಲ್ಷನ್, ಒಂದು ಹಿಡಿ ಸಿಮೆಂಟ್ ಕಲಸಿ ಕರಣಿಯಿಂದ ಒತ್ತಿದೆವು. ಸಿಮೆಂಟ್ ಇದ್ದರೆ ಬೇಗ ಬಿಗಿಯುತ್ತದೆ, ಜಾಸ್ತಿಯಾದರೆ ಬಿರುಸಾಗುತ್ತದೆ. ನೀರು ಆರಿದ ಮೇಲೆ ತುಂಬಿದ್ದು ಸ್ವಲ್ಪ ಕುಳಿತುಕೊಳ್ಳುತ್ತದೆ. ಹಾಗಾಗಿ ಮರುದಿನ ಮತ್ತೆ ಒಂದು ಕೈ ತುಂಬಬೇಕು. ಕಾಕಾ ಇದನ್ನು ಬಿಡಲೇ ಇಲ್ಲ. "ಸಾವ್ಕಾರ್ರ, ಬೆರಳು ಆಡಿಸಿ ನೋಡ್ರಿ. ತಗ್ಗು ಸಿಕ್ರ ನೀರು ಅಲ್ಲೇ ಕುಂದರ್ತೈತಿ" ಎಂದು ಪ್ರತಿ ಬಿರುಕಿನ ಮೇಲೂ ಬೆರಳು ಆಡಿಸಿ ತೋರಿಸಿದರು.

ಗೋದಾಮಿನ ತಿರುವಿನಲ್ಲಿ ಮಾತ್ರ ಬಲೆ ಬಲೆಯಾಗಿ ಒಡೆದಿತ್ತು. ಎಂಜಿನಿಯರುಗಳು ಇದಕ್ಕೆ ಮೊಸಳೆ ಚರ್ಮ ಅನ್ನುತ್ತಾರೆ. ಅಡಿಪಾಯ ಕೆಟ್ಟಿದೆ ಎಂಬುದರ ಗುರುತು ಅದು. ಅದರ ಮೇಲೆ ಎಷ್ಟು ಸೀಲ್ ಮಾಡಿದರೂ ದುಡ್ಡು ದಂಡ. ಆ ಭಾಗವನ್ನು ಚೌಕಾಗಿ, ಅಂಚು ನೇರ ನಿಲ್ಲುವ ಹಾಗೆ ಕತ್ತರಿಸಿ, ಹಸಿ ಎರೆ ಮಣ್ಣು ಸಿಗುವ ತನಕ ಅಗೆದೆವು. ಗರಸು, ಜಲ್ಲಿ ಪದರ ಪದರವಾಗಿ ಹಾಕಿ ದಮ್ಮಸ್ಸು ಮಾಡಿ, ಒಳ ಅಂಚಿಗೆಲ್ಲ ಎಮಲ್ಷನ್ ಸವರಿ, ಮೇಲೆ ಕೋಲ್ಡ್ ಮಿಕ್ಸ್ (ಕಾಯಿಸದೆ ಬಳಸುವ ಡಾಂಬರು-ಜಲ್ಲಿ ಮಿಶ್ರಣ) ತುಂಬಿ ಬಡಿದೆವು. ಅಗೆದಾಗ ಕಾರಣವೂ ಸಿಕ್ಕಿತು. ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿದ ನೀರು ಆ ಮೂಲೆಯಲ್ಲೇ ಇಂಗುತ್ತಿತ್ತು. ಪೈಪು ಜೋಡಿಸಿ ಆ ನೀರನ್ನು ತೆಂಗಿನ ಗಿಡಗಳ ಕಡೆ ತಿರುಗಿಸಿದೆವು. ಇಡೀ ಕೆಲಸದಲ್ಲಿ ದಾರಿಗೆ ಹೆಚ್ಚು ಉಪಕಾರ ಮಾಡಿದ್ದು ಈ ಒಂದು ಪೈಪು ಎಂದೇ ನನ್ನ ನಂಬಿಕೆ.

ಕೋಟ್ ಹಾಕುವ ಮೊದಲು ಎಮಲ್ಷನ್‌ಗೆ ಬೆರೆಸುವ ನೀರಿನ ಪರೀಕ್ಷೆ ಮಾಡಲೇಬೇಕು. ನಮ್ಮ ಕಡೆ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಗಡಸು ನೀರು ಬೆರೆಸಿದರೆ ಎಮಲ್ಷನ್ ಒಡೆದು ಗಂಟು ಕಟ್ಟಬಹುದು. ನಾನು ಎರಡು ಡಬ್ಬಿಗಳಲ್ಲಿ ಬೋರ್ ನೀರು, ಕಾಲುವೆ ನೀರು ಬೇರೆ ಬೇರೆ ಬೆರೆಸಿ, ಜಾಳಿಗೆಯಲ್ಲಿ ಸೋಸಿ ನೋಡಿದೆ. ಬೋರ್ ನೀರಿನ ಡಬ್ಬಿಯಲ್ಲಿ ಕಪ್ಪು ಗಂಟುಗಳು ಉಳಿದವು. ಕೆಲಸಕ್ಕೆ ಕಾಲುವೆ ನೀರನ್ನೇ ಬಳಸಿದೆವು. ಬೆರೆಸುವಾಗ ನೀರನ್ನು ಎಮಲ್ಷನ್‌ಗೆ ನಿಧಾನವಾಗಿ ಹಾಕಬೇಕು. ಎಮಲ್ಷನ್ ಅನ್ನು ನೀರಿಗೆ ಸುರಿಯಬಾರದು. ಆರ್‌ಎಸ್‌ಗೆ ನೀರು ಬೆರೆಸಲೇಬಾರದು.

ಬೆಳಿಗ್ಗೆ ಬಿಸಿಲೇರುವ ಮೊದಲು ನೆಲಕ್ಕೆ ತೆಳ್ಳಗೆ ನೀರು ಚಿಮುಕಿಸಿ, ಸಮ ಪ್ರಮಾಣದಲ್ಲಿ ನೀರು ಬೆರೆಸಿದ ಎಸ್‌ಎಸ್ ಅನ್ನು ಚದರ ಮೀಟರ್‌ಗೆ ಸುಮಾರು ಅರ್ಧ ಲೀಟರಿನಂತೆ ರಬ್ಬರ್ ಪಟ್ಟಿಯ ಕೋಲಿನಿಂದ ಎಳೆದೆವು. ಇದು ಹಳೆಯ ಡಾಂಬರು ಹೀರಿಕೊಳ್ಳಲಿ ಎಂದು. ಹಸಿ ಎಮಲ್ಷನ್ ಕಂದು ಬಣ್ಣದ್ದು. ನೀರು ಬಿಟ್ಟಾಗ ಕಪ್ಪಾಗುತ್ತದೆ. ಪೂರ್ತಿ ಕಪ್ಪಾಗಿ ಕೈಗೆ ಅಂಟದ ತನಕ ಕಾಲಿಡಬಾರದು.

ಮೇಲಿನ ಕೋಟ್ ಮರುದಿನ. ಆರ್‌ಎಸ್-1 ಚದರ ಮೀಟರ್‌ಗೆ ಸುಮಾರು ಒಂದು ಕೆಜಿ. ಇದನ್ನು ಸ್ವಲ್ಪ ಸ್ವಲ್ಪ ಜಾಗಕ್ಕೆ ಬಳಿದು, ಇನ್ನೂ ಕಂದು ಇರುವಾಗಲೇ ಒಣಗಿದ, ಜರಡಿ ಹಿಡಿದ ದಪ್ಪ ಮರಳನ್ನು ಎರಚಬೇಕು. ಒಬ್ಬರು ಬಳಿಯುತ್ತಾ ಹಿಂದೆ ಸರಿದರೆ ಇನ್ನೊಬ್ಬರು ಮರಳು ಹಾಕಬೇಕು. ಚದರ ಮೀಟರ್‌ಗೆ ಆರೇಳು ಕೆಜಿ ಮರಳು ಹಿಡಿಯಿತು. ಕಲ್ಲುಪುಡಿಯಲ್ಲಿ ದೂಳು ಜಾಸ್ತಿ, ಅದು ಈ ಕೋಟಿಗೆ ಬೇಡ. ಕಪ್ಪಾದ ಮೇಲೆ ಕೈ ರೋಲರ್ ಎಳೆದೆವು. ಮರಳು ಇದ್ದರೆ ಮಳೆಯಲ್ಲಿ ಗಾಲಿ ಜಾರುವುದಿಲ್ಲ, ಬಿಸಿಲಿಗೆ ಟೈರಿಗೆ ಅಂಟುವುದೂ ಕಡಿಮೆ.

ಗಮ್‌ಬೂಟು, ಕೈಗವಸು, ಹಳೆಯ ಬಟ್ಟೆ ಇರಲಿ. ಕೈಗೆ ಅಂಟಿದ್ದಕ್ಕೆ ಸೀಮೆಎಣ್ಣೆ ಹಚ್ಚಬೇಡಿ, ಅಡುಗೆ ಎಣ್ಣೆ ಸವರಿ ಸೋಪಿನಿಂದ ತೊಳೆಯಿರಿ.

ಎರಡು ದಿನ ಸೈಕಲ್ ಕೂಡ ಬಿಡಲಿಲ್ಲ. ಭಾರದ ಲಾರಿಗೆ ಒಂದು ವಾರ ತಡೆ. ಉಳಿದ ಮರಳನ್ನು ಗುಡಿಸಿ ತೆಗೆದ ಮೇಲೆ ಎರಡೂ ಅಂಚಿಗೆ ಗರಸು ಹಾಕಿ ಡಾಂಬರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಬಡಿದು ಕೂರಿಸಿದೆವು. ಗರಸು ಮೇಲಾದರೆ ನೀರು ದಾರಿಯಲ್ಲೇ ನಿಲ್ಲುತ್ತದೆ. ನಡುವಿನಿಂದ ಅಂಚಿಗೆ ಮೀಟರಿಗೆ ಎರಡೂವರೆ ಸೆಂಟಿಮೀಟರ್ ಇಳಿಜಾರು ಇರಬೇಕು. ಅಂಚಿನಾಚೆ ಒಂದು ಸಣ್ಣ ಕಾಲುವೆ ತೆಗೆದು ಗದ್ದೆಯ ಬದುವಿಗೆ ಸೇರಿಸಿದೆವು.

ಈಗ ಒಂದು ನಿಯಮ ಮಾಡಿದ್ದೇನೆ, ಅದನ್ನು ಯಾರಿಗೂ ಸಡಿಲಿಸುವುದಿಲ್ಲ. ಗದ್ದೆ ಕೆಸರು ಮಾಡುವ ಕಬ್ಬಿಣದ ಗಾಲಿ ಹಾಕಿಕೊಂಡು ಟ್ರ್ಯಾಕ್ಟರ್ ಒಳಗೆ ಬರುವ ಹಾಗಿಲ್ಲ. ಒಂದು ಸಲ ಓಡಿದರೆ ಡಾಂಬರಿನ ಮೇಲೆ ಸಾಲು ಸಾಲು ಗಾಯ. ಗೇಟಿನ ಹೊರಗೇ ಗಾಲಿ ಬಿಚ್ಚಿ ಬರಬೇಕು. ಆ ಬೇಸಿಗೆ ಪೂರ್ತಿ ಭತ್ತವನ್ನಾಗಲಿ ಮೆಣಸಿನಕಾಯಿಯನ್ನಾಗಲಿ ದಾರಿ ಮೇಲೆ ಒಣಹಾಕಲಿಲ್ಲ, ತಾಡಪಾಲು ಹಾಸಿ ಬೇರೆ ಕಡೆ ಹಾಕಿದೆವು.

ರೋಹಿಣಿ ಮಳೆ ಬಂದಾಗ ಕೊಡೆ ಹಿಡಿದು ದಾರಿ ಉದ್ದಕ್ಕೂ ನಡೆದು ನೋಡಿದೆ. ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಮಳೆಯಲ್ಲೇ ಗೊತ್ತಾಗಬೇಕು. ಮನೆ ಮುಂದೆ ಒಂದು ಕಡೆ ನಿಂತಿತ್ತು. ಅಲ್ಲಿ ಸುಣ್ಣದಿಂದ ಗುರುತು ಹಾಕಿ, ಒಣಗಿದ ಮೇಲೆ ಕಲ್ಲುಪುಡಿ, ಎಮಲ್ಷನ್ ಕಲಸಿ ಮಟ್ಟ ಮಾಡಿದೆವು. ಡ್ರಮ್ಮಿನಲ್ಲಿ ಉಳಿದ ಎಸ್‌ಎಸ್ ಅನ್ನು ಪಕ್ಕದ ಮಿಲ್ಲಿನವರು ತಮ್ಮ ಅಂಗಳಕ್ಕೆ ಒಯ್ದರು. ಎಮಲ್ಷನ್ ಇಟ್ಟಷ್ಟೂ ಕೆಳಗೆ ಗಟ್ಟಿಯಾಗುತ್ತದೆ. ಇಡಲೇಬೇಕಾದರೆ ನೆರಳಿನಲ್ಲಿಟ್ಟು, ಆಗಾಗ ಡ್ರಮ್ ಉರುಳಿಸಿ, ಎರಡು ಮೂರು ತಿಂಗಳೊಳಗೆ ಮುಗಿಸಿಬಿಡಿ.