ಬಣ್ಣದ ಡಬ್ಬಿ ತರುವ ಮೊದಲು ಗೋಡೆ ಮುಟ್ಟಿ ನೋಡಿ

ನಮ್ಮ ಮಲೆನಾಡಿನ ಕಡೆ ದೀಪಾವಳಿ ಹತ್ತಿರ ಬಂತು ಅಂದರೆ ಎಲ್ಲರಿಗೂ ಬಣ್ಣದ ಅವಸರ. ಜೂನ್‌ನಿಂದ ನೀರು ಕುಡಿದ ಗೋಡೆ ಅಷ್ಟು ಬೇಗ ಒಣಗುತ್ತಾ? ಮೇಲೆ ಒಣಗಿದ ಹಾಗೆ ಕಾಣುತ್ತದೆ, ಅಷ್ಟೇ. ಸಂಕ್ರಾಂತಿಯವರೆಗೆ ತಡೆದುಕೊಳ್ಳಿ. ಆಗ ಬಿಸಿಲೂ ಚೆನ್ನಾಗಿರುತ್ತದೆ, ಕೆಲಸದವರೂ ಸಿಗುತ್ತಾರೆ.

ಮಗಳ ಮದುವೆ ಅಂತ ನಾವೂ ಒಮ್ಮೆ ಮಳೆ ನಿಂತ ಕೂಡಲೇ ಹಾಲ್‌ಗೆ ಬಣ್ಣ ಹೊಡೆಸಿದ್ದೆವು. ಯುಗಾದಿ ಹೊತ್ತಿಗೆ ಬಚ್ಚಲುಮನೆ ಕಡೆಯ ಗೋಡೆ ಹಪ್ಪಳದ ಹಾಗೆ ಉಬ್ಬಿತು. ಬೆರಳಿಂದ ಒತ್ತಿದರೆ ಬಣ್ಣ ಪುಟ್ಟಿ ಸಮೇತ ಕೈಗೆ ಬಂತು, ಹಿಂದಿನ ಸಿಮೆಂಟು ತಣ್ಣಗೆ ಒದ್ದೆ. ಪೈಪಿನ ಜಾಯಿಂಟ್ ಸೋರುತ್ತಿತ್ತು. ಖರ್ಚು ಮಾಡಿದ್ದೆಲ್ಲ ನೀರುಪಾಲಾಯಿತು.

ಅಂದಿನಿಂದ ನಾನು ಒಂದು ಪರೀಕ್ಷೆ ಮಾಡದೆ ಬಣ್ಣ ತರಿಸುವುದಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಬೆವರಿನ ಹಾಗೆ ಹನಿ ಕಂಡರೆ ತೇವ ಇನ್ನೂ ಇದೆ. ಮೊದಲು ತಾರಸಿಯ ಬಿರುಕು, ಸಜ್ಜದ ಮೇಲೆ ನಿಲ್ಲುವ ನೀರು, ಬಚ್ಚಲಿನ ಪೈಪು ಸರಿ ಮಾಡಿಸಿ. ಹೊಸ ಗಾರೆಯಾದರೆ ಕ್ಯೂರಿಂಗ್, ಅಂದರೆ ನೀರುಣಿಸುವ ಕೆಲಸ, ಮುಗಿದ ಮೇಲೂ ಚೆನ್ನಾಗಿ ಒಣಗಲು ಬಿಡಿ.

ಆಮೇಲೆ ಕೆರೆಯುವ ಕೆಲಸ. ಹಳೆಯ ಸುಣ್ಣದ ಗೋಡೆಗೆ ಅಂಗೈ ಉಜ್ಜಿ ನೋಡಿ. ಬಿಳಿ ಪುಡಿ ಹತ್ತಿದರೆ ಅದರ ಮೇಲೆ ಎಮಲ್ಷನ್ (ನೀರಲ್ಲಿ ಬೆರೆಸುವ ಬಣ್ಣ) ನಿಲ್ಲುವುದಿಲ್ಲ, ಪೂರ್ತಿ ಕೆರೆಸಿ. ಗೋಡೆ ಉಪ್ಪು ಬಿಟ್ಟಿದ್ದರೆ ಒಣ ಬ್ರಷ್‌ನಿಂದಲೇ ತೆಗೆಯಿರಿ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಒಳಗೇ ಇಳಿಯುತ್ತದೆ.

ಹಳೆಯ ಬಾಗಿಲು, ಕಿಟಕಿಗಳ ಎನಾಮಲ್ (ಎಣ್ಣೆ ಬಣ್ಣ) ಬಗ್ಗೆ ಜೋಪಾನ, ಅದರಲ್ಲಿ ವಿಷಕಾರಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನುವ ನಿಯಮ 2017ರ ನವೆಂಬರಿನಲ್ಲಷ್ಟೇ ಜಾರಿಗೆ ಬಂತು. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿಸಿ ಉಜ್ಜಬೇಡಿ, ನೀರು ಹಚ್ಚಿಯೇ ಉಜ್ಜಿಸಿ. ಪುಟ್ಟ ಮಕ್ಕಳು, ಬಸುರಿಯರು ಆ ಹೊತ್ತಿಗೆ ಬೇರೆಡೆ ಇರಲಿ.

ಪುಟ್ಟಿ ತೆಳುವಾಗಿ ಎರಡು ಸಲ ಸಾಕು. ದಪ್ಪಗೆ ಮೆತ್ತಿದರೆ ಬಿರುಕು ಬಿಡುತ್ತದೆ. ಉಜ್ಜಿ, ಧೂಳು ಒರೆಸಿ, ಪ್ರೈಮರ್ ಕೊಟ್ಟು, ನಂತರ ಬಣ್ಣ. ಮೊದಲು ಸೀಲಿಂಗ್, ಆಮೇಲೆ ಗೋಡೆ, ಕೊನೆಗೆ ಬಾಗಿಲು. ಎರಡು ಕೋಟಿನ ನಡುವೆ ನಾಲ್ಕು ಗಂಟೆಯಾದರೂ ಬಿಡಿ. ಪೇಂಟರ್ ಜಾಸ್ತಿ ನೀರು ಬೆರೆಸುತ್ತಿದ್ದಾರಾ ಅಂತ ಪಕ್ಕದಲ್ಲೇ ನಿಂತು ನೋಡಿ. ಡಬ್ಬಿಯ ಮೇಲೆ ಬರೆದಷ್ಟೇ ನೀರು ಹಾಕಲಿ.

ಹೊರಗೋಡೆಯ ಪಾಚಿ ಮೇಲೇ ಬಣ್ಣ ಬಳಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬ್ಲೀಚಿಂಗ್ ಪೌಡರ್ ನೀರು ಹಾಕಿ ಉಜ್ಜಿ, ತೊಳೆದು, ಒಣಗಿಸಿ. ಹೊರಗೆ ಎಕ್ಸ್‌ಟೀರಿಯರ್ ಎಮಲ್ಷನ್ನೇ ಬೇಕು. ಬೆಳಿಗ್ಗೆ ಪಡುವಣ ಗೋಡೆ, ಮಧ್ಯಾಹ್ನದ ಮೇಲೆ ಮೂಡಣ ಗೋಡೆ ಹಿಡಿಯಿರಿ. ಕಾದ ಗೋಡೆಗೆ ಬಣ್ಣ ಹಚ್ಚಿದರೆ ಪಟ್ಟೆ ಬೀಳುತ್ತದೆ.

ಉಳಿದ ಬಣ್ಣವನ್ನು ಬಿಗಿ ಮುಚ್ಚಳದ ಸಣ್ಣ ಡಬ್ಬಿಗೆ ಹಾಕಿ, ಶೇಡ್ ನಂಬರು, ತಾರೀಖು ಬರೆದಿಡಿ. ಮುಂದೆ ಮೊಳೆ ಕಿತ್ತ ಜಾಗಕ್ಕೆ ಹಚ್ಚಲು ಅದೇ ಬೇಕಾಗುತ್ತದೆ.